ಹಳೆಯ ಕಾರಿಗೆ ಬದಲಿ ಪಂಪು

ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿ ಬಂದ ನಮ್ಮ ಹರಪನಹಳ್ಳಿಯ ಮಕ್ಕಳು ನನ್ನನ್ನು ಕೇಳಿದರು: "ಅಜ್ಜಾ, ಇಷ್ಟು ಹಳೇ ಕಾರು ಕೆಟ್ರೆ ಸಾಮಾನು ಎಲ್ಲಿ ಸಿಗ್ತಾವ?"

ಫ್ಯೂಯಲ್ ಪಂಪನ್ನೇ ನೋಡೋಣ. ಟ್ಯಾಂಕಿನ ಪೆಟ್ರೋಲನ್ನು ಕಾರ್ಬುರೇಟರಿಗೆ ಮುಟ್ಟಿಸುವುದು ಅದರ ಕೆಲಸ. ಪ್ರೀಮಿಯರ್ ಪದ್ಮಿನಿಯಲ್ಲಿ ಅದನ್ನು ಎಂಜಿನ್ನೇ ನಡೆಸುತ್ತದೆ. ಇಂಗ್ಲೆಂಡಿನ ಹಳೆಯ ಎಂ.ಜಿ. ಸ್ಪೋರ್ಟ್ಸ್ ಕಾರುಗಳಲ್ಲಿ ಎಸ್.ಯು. ಕಂಪನಿಯ ವಿದ್ಯುತ್ ಪಂಪು ಇರುತ್ತದೆ. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನುತ್ತದೆ.

ಬದಲಿ ಪಂಪಿಗೆ ಬೋಲ್ಟು ಕೂತರೆ ಸಾಲದು. ಅಜ್ಜನ ಕನ್ನಡಕ ಅಜ್ಜಿಯ ಮೂಗಿನ ಮೇಲೆ ಕೂತೀತು, ಆದರೆ ಅಕ್ಷರ ಕಾಣಬೇಕಲ್ಲ!

ಮೊದಲು ಒತ್ತಡ ನೋಡಬೇಕು. ಇಂಥ ಕಾರ್ಬುರೇಟರಿಗೆ ಚದರ ಅಂಗುಲಕ್ಕೆ ಸುಮಾರು 3 ಪೌಂಡು ಸಾಕು. ಇಂದಿನ ಇಂಜೆಕ್ಷನ್ ಕಾರುಗಳ ಪಂಪು ಸಾಮಾನ್ಯವಾಗಿ 40 ಪೌಂಡಿಗೂ ಹೆಚ್ಚು ಒತ್ತಡ ಕೊಡುತ್ತದೆ. ಅದನ್ನು ಹಾಕಿದರೆ ಕಾರ್ಬುರೇಟರಿನ ಪುಟ್ಟ ಸೂಜಿ ತಡೆಯಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಚೆಲ್ಲುತ್ತದೆ. ಬೆಂಕಿಗೆ ಅಷ್ಟೇ ಸಾಕು.

ಎರಡನೆಯದು ಜಾಗ. ಟ್ಯಾಂಕಿನ ಬಳಿ ಇದ್ದು ತಳ್ಳುವ ಪಂಪು ಬೇರೆ, ಎಂಜಿನ್ ಬಳಿ ಇದ್ದು ಎಳೆಯುವ ಪಂಪು ಬೇರೆ.

ಮೂರನೆಯದು ಬ್ಯಾಟರಿ. ಈಗಿನ ಕಾರುಗಳಲ್ಲಿ ನೆಗೆಟಿವ್ ತಂತಿ ಬಾಡಿಗೆ ಸೇರಿರುತ್ತದೆ. ಹಳೆಯ ಬ್ರಿಟಿಷ್ ಕಾರುಗಳು ಹಲವುಗಳಲ್ಲಿ ಪಾಸಿಟಿವ್. ಇದು ಅದಲುಬದಲಾದರೆ ಎಲೆಕ್ಟ್ರಾನಿಕ್ ಪಂಪು ಸುಟ್ಟುಹೋದೀತು.

ಕೊನೆಯದು ರಬ್ಬರು. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರು ಬೇಗ ಹಾಳಾಗುತ್ತದೆ. ಪದ್ಮಿನಿಯಂಥ ಕಾರಿನ ಪಂಪಿನೊಳಗಿನ ಪದರ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೂ ಇಳಿಯಬಹುದು.

ಆದ್ದರಿಂದ ಹಳೆಯ ಪಂಪನ್ನು ಗುಜರಿಗೆ ಹಾಕುವ ಮುನ್ನ ಅದರ ಮೇಲಿನ ನಂಬರನ್ನು ಬರೆದಿಟ್ಟುಕೊಳ್ಳಿ. ಅಜ್ಜನ ಕಣ್ಣಿಗೆ ಆ ಸಣ್ಣ ಅಂಕಿ ಕಾಣದಿದ್ದರೆ ಮಕ್ಕಳೇ ಓದಿ ಹೇಳಿ. ಬಿಚ್ಚಿ ಜೋಡಿಸುವ ಕೆಲಸ ಮಾತ್ರ ಮೆಕ್ಯಾನಿಕ್‌ಗೇ ಇರಲಿ.