ಗಡ್ಡೆ ಹೋದ ಮೇಲೆ ಬರುವ ಅಪಾಯ

ಮಂಗಳೂರಲ್ಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಆರೇಳು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಊರಿಗೆ ಮರಳಿದವರನ್ನು ಮೂಡಿಗೆರೆ, ಕಳಸದ ಕಡೆ ಗುಣವಾದವರೆಂದೇ ಎಣಿಸುತ್ತಾರೆ. ಬಾಯಿಯ, ಗಂಟಲಿನ ಕ್ಯಾನ್ಸರ್ ಗಡ್ಡೆ ಹೋಗಿರಬಹುದು. ಆದರೆ 60ರಿಂದ 70 ಗ್ರೇ ವಿಕಿರಣದ ಕೆಲವು ಏಟುಗಳು ಬೀಳುವುದೇ ತಿಂಗಳು, ವರ್ಷಗಳ ನಂತರ. ಅಷ್ಟು ಹೊತ್ತಿಗೆ ರೋಗಿ ಕಾಫಿ ತೋಟದ ಲೈನ್ ಮನೆಯಲ್ಲಿರುತ್ತಾರೆ, ತಪಾಸಣೆಯ ದಿನ ತಪ್ಪಿಹೋಗಿರುತ್ತದೆ.

ನನಗೆ ಎಲ್ಲಕ್ಕಿಂತ ಭಯ ಹಲ್ಲಿನದು. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಸುಟ್ಟರೆ ಬಾಯಿ ಒಣಗುತ್ತದೆ. ಗಂಟಲ ಕ್ಯಾನ್ಸರಿನವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಚಿಕಿತ್ಸೆಯಾಗಿ ವರ್ಷದ ನಂತರವೂ ಹಳೆ ಪದ್ಧತಿಯವರಲ್ಲಿ ಶೇ 74, ಗ್ರಂಥಿ ಉಳಿಸುವ ಹೊಸ ಪದ್ಧತಿಯವರಲ್ಲಿ ಶೇ 38 ಮಂದಿಗೆ ಬಾಯೊಣಗು ಕಾಡುತ್ತಿತ್ತು. ಅಕ್ಕಿರೊಟ್ಟಿಯ ಪ್ರತಿ ತುತ್ತಿಗೂ ನೀರು ಬೇಕು. ಜೊಲ್ಲಿಲ್ಲದ ಹಲ್ಲು ಒಸಡಿನಂಚಿನಲ್ಲಿ ಕಪ್ಪಾಗಿ ಮುರಿಯುತ್ತದೆ. ನೋವು ತಾಳದೆ ಪೇಟೆಗೆ ಹೋಗಿ ಕೀಳಿಸಿದರೆ, ರಕ್ತಸಂಚಾರ ಕುಗ್ಗಿದ ದವಡೆಯಲ್ಲಿ ಆ ಗುಳಿ ಮಾಯದೆ ಮೂಳೆ ಸಾಯಬಹುದು. ಎಷ್ಟೋ ವರ್ಷವಾಯಿತೆಂದು ಈ ಅಪಾಯ ಕಳೆಯುವುದಿಲ್ಲ. ಉಳಿಯದ ಹಲ್ಲನ್ನು ವಿಕಿರಣಕ್ಕೆ ಎರಡು ವಾರ ಮೊದಲೇ ತೆಗೆಸಬೇಕು. ಆಮೇಲೆ ದಿನವೂ ಫ್ಲೋರೈಡ್ ಹಚ್ಚಬೇಕು. ಕೀಳಿಸಲೇಬೇಕಾದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯನ್ನು ಕೇಳಿಯೇ ಮುಂದುವರಿಯಬೇಕು.

ಹಲ್ಲಿನ ನಂತರದ ಭಯ ಬಾಯಿ ಬಿಗಿಯುವುದರದು. ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಜಗಿದು ಕೆನ್ನೆಯ ಒಳಗೆ ನಾರುಗಟ್ಟಿ, ಮೊದಲೇ ಮೂರು ಬೆರಳು ಹೋಗದ ಬಾಯಿಯನ್ನು ವಿಕಿರಣ ಇನ್ನಷ್ಟು ಬಿಗಿಯುತ್ತದೆ. ಬಾಯಿ ತೆರೆಯುವ ವ್ಯಾಯಾಮ ಒಂದು ದಿನವೂ ತಪ್ಪಬಾರದು.

ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಗಂಟು ತೆಗೆಯುವಾಗ ಭುಜದ ನರಕ್ಕೆ ಪೆಟ್ಟಾದರೆ, ತಲೆಯೆತ್ತರದ ರೊಬಸ್ಟಾ ರೆಂಬೆ ಬಾಗಿಸಲು ಕೈ ಮೇಲೇಳುವುದಿಲ್ಲ. ಕುಯ್ಲಿನ ಕೂಲಿಯೇ ಹೋಗುತ್ತದೆ. ಕತ್ತಿಗೆ ವಿಕಿರಣ ಬಿದ್ದ ಐವರಲ್ಲಿ ಒಬ್ಬರಿಗಾದರೂ ಮುಂದೆ ಥೈರಾಯ್ಡ್ ಕುಗ್ಗುತ್ತದೆ. ಅದರಿಂದ ಬರುವ ಸುಸ್ತನ್ನು ಸೋಮಾರಿತನ ಎನ್ನುವವರಿದ್ದಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕೊರತೆ ಗೊತ್ತಾಗುತ್ತದೆ, ಮಾತ್ರೆಯಿಂದ ಸರಿಯಾಗುತ್ತದೆ. ನುಂಗುವುದು ಕೆಟ್ಟು, ಕೆಮ್ಮೇ ಬಾರದೆ ಅನ್ನನೀರು ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾವನ್ನು ಮಳೆಗಾಲದ ಶೀತಜ್ವರವೆಂದು ತಳ್ಳಿಹಾಕುವುದು ಪ್ರಾಣಕ್ಕೇ ಎರವಾದೀತು.

ಬಿಡುಗಡೆ ಚೀಟಿಯಲ್ಲಿ ಯಾವ ಬದಿಯ ದವಡೆಗೆ ಎಷ್ಟು ವಿಕಿರಣ ಬಿತ್ತು, ಮುಂದಿನ ರಕ್ತಪರೀಕ್ಷೆ ಯಾವಾಗ, ಹಲ್ಲು ಕೀಳುವ ಮುನ್ನ ಯಾರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ಬರೆದುಕೊಡಬೇಕು. ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದರ ಒಂದು ಪ್ರತಿ ಹೋಗಬೇಕು.