ಪ್ರಾಚೀನ ಸಾಗರಗಳಲ್ಲಿ ರಂಜಕದ ಪರಿಚಲನೆ ಮತ್ತು ಆಮ್ಲಜನಕದ ಪ್ರಮಾಣ

ವಾಯುಮಂಡಲದಲ್ಲಿ ಇಂದು ಆಮ್ಲಜನಕವು ಶೇಕಡ 21ರಷ್ಟಿದೆ. ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ಅದು ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಆ ಕಾಲದ ಆಸುಪಾಸಿನಲ್ಲಿ ಮೊದಲ ಏರಿಕೆ ಉಂಟಾಯಿತಾದರೂ, ಅದರ ಅನಂತರ ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಆಳಸಮುದ್ರವು ಬಹುಮಟ್ಟಿಗೆ ಆಮ್ಲಜನಕರಹಿತವಾಗಿಯೇ ಉಳಿಯಿತು. ನೀರನ್ನು ಒಡೆದು ಆಮ್ಲಜನಕವನ್ನು ಬಿಡುಗಡೆ ಮಾಡಬಲ್ಲ ಸಯನೋಬ್ಯಾಕ್ಟೀರಿಯಾಗಳು ಆ ಅವಧಿಯುದ್ದಕ್ಕೂ ಸಮುದ್ರದಲ್ಲಿದ್ದವು. ಸೂರ್ಯನ ಬೆಳಕಿಗೂ ಕೊರತೆಯಿರಲಿಲ್ಲ. ಆದರೂ ಈ ವಿಳಂಬವೇಕೆ ಎಂಬ ಪ್ರಶ್ನೆಗೆ ಭೂರಸಾಯನ ವಿಜ್ಞಾನಿಗಳು ಉತ್ತರ ಹುಡುಕುತ್ತಿರುವುದು ಮುಖ್ಯವಾಗಿ ರಂಜಕದ ಚಕ್ರದಲ್ಲಿ.

ಜೀವಕ್ಕೆ ಬೇಕಾದ ಸಾರಜನಕವನ್ನು ಕೆಲವು ಸೂಕ್ಷ್ಮಜೀವಿಗಳು ಗಾಳಿಯಿಂದಲೇ ಪಡೆಯಬಲ್ಲವು. ರಂಜಕಕ್ಕೆ ಅಂತಹ ಮಾರ್ಗವಿಲ್ಲ. ಭೂಮಿಯ ಮೇಲಿನ ಶಿಲೆಗಳಲ್ಲಿರುವ ಅಪಟೈಟ್ ಖನಿಜವು ಮಳೆಗಾಳಿಗಳಿಂದ ಶಿಥಿಲಗೊಂಡು, ನದಿಗಳ ಮೂಲಕ ಹರಿದು ಬಂದಷ್ಟೇ ಸಮುದ್ರದ ಪಾಲು. ಸಮುದ್ರದ ಸೂಕ್ಷ್ಮಸಸ್ಯಗಳ ದೇಹದಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16 ಹಾಗೂ ಇಂಗಾಲದ 106 ಪರಮಾಣುಗಳು ಸರಾಸರಿಯಾಗಿ ಇರುತ್ತವೆ. ಆಲ್‌ಫ್ರೆಡ್ ರೆಡ್‌ಫೀಲ್ಡ್ ಅವರ ಹೆಸರಿನಿಂದ ಈ ಅನುಪಾತ ಪ್ರಸಿದ್ಧವಾಗಿದೆ. ಉತ್ಪಾದನೆಯೊಂದರಿಂದಲೇ ಆಮ್ಲಜನಕ ಹೆಚ್ಚುವುದಿಲ್ಲ ಎಂಬುದು ಹಲವೊಮ್ಮೆ ಮರೆತುಹೋಗುವ ಸಂಗತಿ. ಸತ್ತ ಜೀವಿಯು ಕೊಳೆಯುವಾಗ, ಅದು ಬದುಕಿದ್ದಾಗ ಬಿಡುಗಡೆ ಮಾಡಿದ ಆಮ್ಲಜನಕವು ಮರಳಿ ವ್ಯಯವಾಗುತ್ತದೆ. ಕೊಳೆಯದೆ ಕಡಲತಳದ ಹೂಳಿನಲ್ಲಿ ಹುದುಗಿಹೋದ ಸಾವಯವ ಇಂಗಾಲದ ಲೆಕ್ಕಕ್ಕೆ ಸರಿಸಮನಾದ ಆಮ್ಲಜನಕ ಮಾತ್ರ ವಾಯುಮಂಡಲಕ್ಕೆ ಲಾಭ.

ಹೂಳಿಗೆ ಸೇರಿದ ರಂಜಕದ ಗತಿಯೇನು? ಇಂಗ್ಲೆಂಡಿನ ಸರೋವರ ಪ್ರದೇಶದಲ್ಲಿ ನಡೆಸಿದ ಅಧ್ಯಯನಗಳ ಮೂಲಕ ಕ್ಲಿಫರ್ಡ್ ಮಾರ್ಟಿಮರ್ 1941–42ರಲ್ಲಿಯೇ ಇದಕ್ಕೆ ಒಂದು ಸುಳಿವನ್ನು ನೀಡಿದ್ದರು. ತಳದ ನೀರಿನಲ್ಲಿ ಆಮ್ಲಜನಕವಿರುವಾಗ ಕಬ್ಬಿಣದ ಆಕ್ಸೈಡುಗಳು ಫಾಸ್ಫೇಟನ್ನು ತಮ್ಮ ಮೇಲ್ಮೈಗೆ ಅಂಟಿಸಿಕೊಂಡು ಹಿಡಿದಿಡುತ್ತವೆ. ಆಮ್ಲಜನಕ ತೀರಿದಾಗ ಕಬ್ಬಿಣವು ಕರಗಿ, ಫಾಸ್ಫೇಟು ನೀರಿಗೆ ಮರಳುತ್ತದೆ. ಬಾಲ್ಟಿಕ್ ಸಮುದ್ರದ ತಳದಲ್ಲಿ ಇಂದಿಗೂ ಇದೇ ಕ್ರಿಯೆ ನಡೆಯುತ್ತಿದೆ. ಇದನ್ನು ಆಧರಿಸಿ ಫಿಲಿಪ್ ವ್ಯಾನ್ ಕಪೆಲೆನ್ ಮತ್ತು ಎಲರಿ ಇಂಗಲ್ 1996ರಲ್ಲಿ ಒಂದು ನಿಯಂತ್ರಣ ವ್ಯವಸ್ಥೆಯನ್ನು ಪ್ರತಿಪಾದಿಸಿದರು: ಆಮ್ಲಜನಕ ಕುಸಿದರೆ ರಂಜಕ ಬಿಡುಗಡೆಯಾಗುತ್ತದೆ, ಉತ್ಪಾದನೆಯೂ ಇಂಗಾಲದ ಹುದುಗುವಿಕೆಯೂ ಹೆಚ್ಚುತ್ತವೆ, ಆಮ್ಲಜನಕ ಮತ್ತೆ ಏರುತ್ತದೆ.

ಈ ತರ್ಕವನ್ನು ಪ್ರಾಚೀನ ಸಾಗರಕ್ಕೆ ಹಾಗೆಯೇ ಅನ್ವಯಿಸಿದರೆ ವಿಚಿತ್ರವಾದ ತೊಡಕು ಎದುರಾಗುತ್ತದೆ. ಆಮ್ಲಜನಕರಹಿತವಾದ ಸಾಗರವು ರಂಜಕಸಮೃದ್ಧವಾಗಿದ್ದು, ಬಹುಬೇಗ ಆಮ್ಲಜನಕಯುಕ್ತವಾಗಬೇಕಿತ್ತು. ಹಾಗಾಗಲಿಲ್ಲ. ಆಮ್ಲಜನಕವಿಲ್ಲದ ನೀರೆಲ್ಲವೂ ಒಂದೇ ಬಗೆಯದಲ್ಲವೆಂಬುದು ಇಲ್ಲಿ ನಿರ್ಣಾಯಕ. ಇಂದಿನ ಕಪ್ಪುಸಮುದ್ರದ ಆಳದಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿದೆ. ಅದು ಕಬ್ಬಿಣವನ್ನು ಪೈರೈಟ್ ಆಗಿ ಬಂಧಿಸುವುದರಿಂದ ರಂಜಕವನ್ನು ಹಿಡಿಯಲು ಕಬ್ಬಿಣ ಉಳಿಯುವುದಿಲ್ಲ. ಪ್ರಾಚೀನ ಸಾಗರದಲ್ಲಾದರೋ ಬಹುಕಾಲ ಮೇಲುಗೈಯಾಗಿದ್ದುದು ಕರಗಿದ ಕಬ್ಬಿಣ. ಕರ್ನಾಟಕದ ಬಾಬಾಬುಡನ್, ಕುದುರೆಮುಖ ಮತ್ತು ಸಂಡೂರು ಪ್ರದೇಶಗಳಲ್ಲಿರುವ, 250 ಕೋಟಿ ವರ್ಷಗಳಿಗೂ ಹಳೆಯದಾದ ಪಟ್ಟೆ ಕಬ್ಬಿಣ ಶಿಲೆಗಳು ಅಂತಹ ಸಾಗರದಿಂದಲೇ ನಿಕ್ಷೇಪಗೊಂಡವು. ಅಂತಹ ನೀರಿನಲ್ಲಿ ರಂಜಕವು ಕಬ್ಬಿಣದ ಆಕ್ಸೈಡುಗಳಿಗೆ ಅಂಟಿ, ಇಲ್ಲವೇ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಖನಿಜವಾಗಿ ತಳದಲ್ಲಿಯೇ ಸೆರೆಯಾಗಬಲ್ಲದು.

ಸೆರೆಯಾದದ್ದು ಎಷ್ಟು ಎಂಬಲ್ಲಿ ಭಿನ್ನಾಭಿಪ್ರಾಯ ತೀವ್ರವಾಗಿದೆ. ಕ್ರಿಶ್ಚಿಯನ್ ಬಿಯೆರಮ್ ಮತ್ತು ಡೊನಾಲ್ಡ್ ಕ್ಯಾನ್‌ಫೀಲ್ಡ್ 2002ರಲ್ಲಿ, ಪಟ್ಟೆ ಕಬ್ಬಿಣ ಶಿಲೆಗಳ ರಂಜಕಾಂಶದಿಂದ ಲೆಕ್ಕ ಹಾಕಿ, 190 ಕೋಟಿ ವರ್ಷಗಳ ಹಿಂದಿನವರೆಗಿನ ಸಾಗರದಲ್ಲಿ ಫಾಸ್ಫೇಟು ಇಂದಿನ ಶೇಕಡ 10ರಿಂದ 25ರಷ್ಟು ಮಾತ್ರವಿತ್ತೆಂದು ಅಂದಾಜಿಸಿದರು. ಕರ್ಟ್ ಕೊನ್‌ಹೌಸರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಶ್ನಿಸಿದರು. ಸಿಲಿಕಾ ಕವಚ ಕಟ್ಟುವ ಜೀವಿಗಳು ಆಗ ಇನ್ನೂ ಹುಟ್ಟಿರಲಿಲ್ಲವಾದುದರಿಂದ ಕಡಲನೀರಿನಲ್ಲಿ ಸಿಲಿಕಾ ಹೇರಳವಾಗಿತ್ತು; ಅದು ಕಬ್ಬಿಣದ ಆಕ್ಸೈಡುಗಳ ಮೇಲ್ಮೈಗಾಗಿ ಫಾಸ್ಫೇಟಿನೊಡನೆ ಸ್ಪರ್ಧಿಸುತ್ತದೆ. ಆದ್ದರಿಂದ ಶಿಲೆಯಲ್ಲಿ ರಂಜಕ ಕಡಿಮೆಯಿದ್ದ ಮಾತ್ರಕ್ಕೆ ನೀರಿನಲ್ಲಿಯೂ ಕಡಿಮೆಯಿತ್ತೆಂದು ಹೇಳಲಾಗದು. ಅದೇ ಶಿಲೆ, ಅದೇ ರಾಸಾಯನಿಕ ವಿಶ್ಲೇಷಣೆ. ಪ್ರಯೋಗಾಲಯದಲ್ಲಿ ಅಳೆದ ಒಂದು ಗುಣಾಂಕ ಬದಲಾದೊಡನೆ ಬಡ ಸಾಗರ ಸಿರಿವಂತ ಸಾಗರವಾಯಿತು. ಆ ಕಾಲದ ಸಿಲಿಕಾ ಪ್ರಮಾಣವೂ ಅನುಮಾನದಿಂದಲೇ ಪಡೆದದ್ದೆಂಬುದನ್ನು ಇಲ್ಲಿ ನೆನೆಯುವುದು ಅಗತ್ಯ.

ಕಬ್ಬಿಣ ಶಿಲೆಗಳ ಈ ದ್ವಂದ್ವದಿಂದಾಗಿ ಅನಂತರದ ಸಂಶೋಧಕರು ಜೇಡಿಶಿಲೆಗಳತ್ತ ತಿರುಗಿದರು. ಕ್ರಿಸ್ಟೋಫರ್ ರೀನ್‌ಹಾರ್ಡ್ ಮತ್ತು ಸಹೋದ್ಯೋಗಿಗಳು 2017ರಲ್ಲಿ 350 ಕೋಟಿ ವರ್ಷಗಳ ವ್ಯಾಪ್ತಿಯ ಸಾಗರ ನಿಕ್ಷೇಪಗಳ ರಂಜಕಾಂಶವನ್ನು ಕಲೆಹಾಕಿದಾಗ, ಕರಾವಳಿಯ ಸಮೀಪದ ಆಳವಿಲ್ಲದ ನೀರಿನ ನಿಕ್ಷೇಪಗಳಲ್ಲಿ ರಂಜಕವು ಸುಮಾರು 80 ಕೋಟಿ ವರ್ಷಗಳ ಹಿಂದಿನವರೆಗೆ ಅತ್ಯಲ್ಪವಾಗಿದ್ದು, ಅನಂತರವೇ ಏರಿದುದು ಕಂಡುಬಂದಿತು. ಇದು ಕೊರತೆಯ ವಾದಕ್ಕೆ ಬಲ ತಂದಿದೆ. ಆದರೂ ರಾಜಸ್ಥಾನದ ಉದಯಪುರದ ಬಳಿಯ ಝಾಮರ್‌ಕೋಟ್ರಾದಲ್ಲಿ ಪೇಲಿಯೊಪ್ರೊಟೆರೊಜೋಯಿಕ್ ಕಾಲದ ಸ್ಟ್ರೊಮ್ಯಾಟೊಲೈಟುಗಳು ರಂಜಕದಿಂದ ತುಂಬಿವೆ. ಸಾಗರವೆಲ್ಲ ಒಂದೇ ಸಮನಾಗಿ ಬಡವಾಗಿತ್ತೆಂಬ ಚಿತ್ರಕ್ಕೆ ಅದು ಹೊಂದುವುದಿಲ್ಲ.

ಏರಿಕೆಯ ಕಾರಣದ ಬಗೆಗೂ ಒಮ್ಮತವಿಲ್ಲ. ಸುಮಾರು 72ರಿಂದ 63 ಕೋಟಿ ವರ್ಷಗಳ ಹಿಂದೆ ಭೂಮಿಯನ್ನು ಆವರಿಸಿದ ಮಹಾಹಿಮಯುಗಗಳು ಶಿಲೆಗಳನ್ನು ಅರೆದು ರಂಜಕವನ್ನು ನದಿಗಳಿಗೆ ಒದಗಿಸಿದವೆಂದು ಒಂದು ಪಕ್ಷ ಹೇಳುತ್ತದೆ. ಲೂಯಿಸ್ ಆಲ್ಕಾಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಗಣಿತ ಮಾದರಿಯಲ್ಲಿ ಅಂತಹ ಹೊರಗಿನ ಆಘಾತ ಅವಶ್ಯವಿಲ್ಲ. ಭೂಮಿಯ ಒಳಪದರದಿಂದ ಹೊರಬರುವ, ಆಮ್ಲಜನಕವನ್ನು ಹೀರಿಕೊಳ್ಳುವ ಅನಿಲಗಳು ಮೆಲ್ಲಮೆಲ್ಲನೆ ತಗ್ಗುತ್ತ ಬಂದರೆ ಸಾಕು; ಇಂಗಾಲ, ಆಮ್ಲಜನಕ ಮತ್ತು ರಂಜಕಗಳ ಪರಸ್ಪರ ಹಿಡಿತದಿಂದಲೇ ಆಮ್ಲಜನಕವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.