ಬೇಕೆಂದೇ ಮುಳುಗಿಸಿದ ಹಡಗು

ಹಡಗು ಮುಳುಗಿತು ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಕಳವಳಗೊಳ್ಳುವುದು ಸಹಜ. ಬಿರುಗಾಳಿ, ಬಂಡೆ, ಯುದ್ಧ, ಆರ್ತಧ್ವನಿ ಇವೆಲ್ಲ ಆ ಒಂದು ಮಾತಿನ ಬೆನ್ನ ಹಿಂದೆ ಬರುತ್ತವೆ. ಆದರೆ ಈಗ ಅನೇಕ ದೇಶಗಳ ಕರಾವಳಿಯಲ್ಲಿ ದಿನ ಗೊತ್ತುಮಾಡಿ, ಜನರನ್ನು ನೆರೆಸಿ, ಹಳೆಯ ಹಡಗುಗಳನ್ನು ಬೇಕೆಂದೇ ಮುಳುಗಿಸುವುದುಂಟು. ಹಾಗೆ ಮುಳುಗಿದ ಹಡಗನ್ನು ಕಣ್ಣಾರೆ ಕಾಣಲು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವವರೂ ಉಂಟು. ಅವರಲ್ಲಿ ಎಷ್ಟೋ ಜನ ಹೊಸದಾಗಿ ಕಲಿತವರು. ಇದು ಏತರ ಹವ್ಯಾಸ? ಹಡಗನ್ನೇಕೆ ಮುಳುಗಿಸಬೇಕು? ಹೊಸಬನು ಅಲ್ಲಿಗೆ ಹೋಗಿ ಸುರಕ್ಷಿತನಾಗಿ ಬರುವುದು ಹೇಗೆ?

ರಾಯಚೂರು ಸೀಮೆಯವರಿಗೆ ಕಡಲು ದೂರ. ಮಲ್ಲಟ, ಮಾನ್ವಿ, ದೇವದುರ್ಗಗಳ ಕಡೆ ನೀರೆಂದರೆ ಬಾವಿ, ಹಳ್ಳ, ಕಾಲುವೆ. ಹಿರಿದಾದ ನೀರೆಂದರೆ ಕೃಷ್ಣೆ, ತುಂಗಭದ್ರೆ. ಅಲ್ಲಿ ಹರಿಗೋಲು ಕಂಡವರುಂಟು, ಹಡಗು ಕಂಡವರು ವಿರಳ. ಆದರೂ ರಜೆಯ ದಿನಗಳಲ್ಲಿ ಮುರುಡೇಶ್ವರಕ್ಕೋ ಗೋವೆಗೋ ಹೋದ ನಮ್ಮ ಹುಡುಗ ಹುಡುಗಿಯರು ಇಂದು ಕಡಲಿಗೆ ಮುಳುಗಿ ಬರುತ್ತಿದ್ದಾರೆ. ಆದಕಾರಣ ಈ ವಿಷಯವನ್ನು ಮನೆಯ ಹಿರಿಯರೂ ತಿಳಿದಿರುವುದು ಲೇಸು.

ನಮ್ಮ ನಾಡಿಗೆ ತೀರ ಸಮೀಪದ ಉದಾಹರಣೆ 'ಗುಲ್ದಾರ್' ಎಂಬ ಯುದ್ಧನೌಕೆಯದು. ಗುಲ್ದಾರ್ ಎಂದರೆ ಚಿರತೆ. ಪೋಲೆಂಡಿನಲ್ಲಿ ಕಟ್ಟಿದ ಈ ಹಡಗು ೧೯೮೫ರ ಕೊನೆಯಲ್ಲಿ ಭಾರತದ ನೌಕಾಪಡೆಯನ್ನು ಸೇರಿತು. ಸೈನಿಕರನ್ನೂ ವಾಹನಗಳನ್ನೂ ನೇರವಾಗಿ ದಡಕ್ಕೆ ಇಳಿಸುವುದು ಅದರ ಕೆಲಸವಾಗಿತ್ತು. ಸುಮಾರು ಮೂವತ್ತೆಂಟು ವರ್ಷ ದುಡಿದು ೨೦೨೪ರ ಜನವರಿಯಲ್ಲಿ ಅದು ನಿವೃತ್ತವಾಯಿತು. ೨೦೨೫ರ ಫೆಬ್ರುವರಿಯಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲಿ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಲಾಯಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಗಳ ಬಳಿ ಅದನ್ನು ಕಡಲ ತಳದಲ್ಲಿರಿಸಿ, ನೀರಿನೊಳಗಿನ ವಸ್ತುಸಂಗ್ರಹಾಲಯವನ್ನಾಗಿಯೂ ಮೀನುಗಳ ಆಶ್ರಯವನ್ನಾಗಿಯೂ ಮಾಡಬೇಕೆಂಬುದು ಆ ಯೋಜನೆ.

ಮುದಿ ಹಡಗಿಗೆ ಸಾಮಾನ್ಯವಾಗಿ ಮೂರು ಗತಿ. ಗುಜರಾತಿನ ಅಲಂಗ್‌ನಂಥ ಕಡೆ ಒಡೆದು ಕಬ್ಬಿಣವಾಗಿ ಮಾರುವುದು ಒಂದು. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ 'ಚಪಲ್' ನೌಕೆಯಂತೆ ನೆಲದ ಮೇಲೆ ಪ್ರದರ್ಶನಕ್ಕಿಡುವುದು ಇನ್ನೊಂದು. ಮೂರನೆಯದೇ ಈ ಜಲಸಮಾಧಿ. ಬೇಕೆಂದು ಮುಳುಗಿಸುವುದು ಹಿಂದೆಯೂ ಇತ್ತು; ಆದರೆ ಅದು ಶತ್ರುವಿನ ಕೈಗೆ ಸಿಗದಿರಲೆಂದು. ೧೯೪೩ರ ಮಾರ್ಚಿಯಲ್ಲಿ ಗೋವೆಯ ಮುರ್ಮಗೋವಾ ಬಂದರಿನಲ್ಲಿ ಬ್ರಿಟಿಷರ ಕಡೆಯವರು ರಾತ್ರಿ ದಾಳಿಯಿಟ್ಟಾಗ, ಅಲ್ಲಿ ನಿಂತಿದ್ದ ಜರ್ಮನ್ ಮತ್ತು ಇಟಾಲಿಯನ್ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು. ಅದು ನಾಶಕ್ಕಾಗಿ; ಈಗಿನದು ಬದುಕಿಗಾಗಿ.

ಬದುಕು ಎಂದೆನಷ್ಟೆ. ಮರಳು ಹಾಸಿದ ಕಡಲ ತಳವು ನಮ್ಮ ಬಯಲು ಎರೆಹೊಲದಂತೆ. ಆಸರೆಗೆ ಕಲ್ಲಿಲ್ಲ, ಮರವಿಲ್ಲ. ಅಲ್ಲಿ ಒಂದು ಹಡಗು ಕುಳಿತರೆ ಮೊದಲು ಅದರ ಮೈಗೆ ಪಾಚಿ ಹತ್ತುತ್ತದೆ. ಬಳಿಕ ಚಿಪ್ಪಿನ ಜೀವಿಗಳು, ಸ್ಪಂಜುಗಳು, ಹವಳದ ಹುಳುಗಳು ಬಂದು ಅಂಟುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡ ಮೀನು. ಹೀಗೆ ಸಂಸಾರ ಬೆಳೆಯುತ್ತದೆ. ಈ ಹಡಗು ಮೀನನ್ನು ನಿಜವಾಗಿ ಹೆಚ್ಚಿಸುತ್ತದೆಯೋ, ಸುತ್ತಲಿನ ಮೀನನ್ನು ಒಂದೆಡೆ ಕೂಡಿಸುತ್ತದೆಯೋ ಎಂಬುದರಲ್ಲಿ ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯವಿದೆ. ಒಂದೆಡೆ ಕೂಡಿದ ಮೀನಿಗೆ ಬಲೆ ಬೀಸುವುದು ಸುಲಭ. ಆದ್ದರಿಂದ ಅಂಥ ಸ್ಥಳದಲ್ಲಿ ಮೀನುಗಾರಿಕೆಗೆ ಕಟ್ಟುಪಾಡು ಇಲ್ಲದಿದ್ದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮುಳುಗಿಸುವ ಮೊದಲು ಮಾಡುವ ಸಿದ್ಧತೆಯೇ ಇದರಲ್ಲಿ ದೊಡ್ಡ ಕೆಲಸ. ಎಣ್ಣೆ, ಕೀಲೆಣ್ಣೆ, ವಿಷಕಾರಿ ರಾಸಾಯನಿಕಗಳಿರುವ ತಂತಿಗಳು, ಕಲ್ನಾರು, ಗಾಜು, ತೇಲುವ ಕಸ ಇವೆಲ್ಲವನ್ನೂ ತೆಗೆಯಬೇಕು. ಮುಳುಗುವವನ ಕಾಲಿಗೆ ತೊಡಕಾಗುವ ಹಗ್ಗ, ಮೇಲೆ ಬೀಳಬಹುದಾದ ಬಾಗಿಲುಗಳನ್ನು ಕಿತ್ತುಹಾಕಬೇಕು. ಪಕ್ಕದ ಗೋಡೆಗಳಲ್ಲಿ ದೊಡ್ಡ ಕಿಂಡಿಗಳನ್ನು ಕೊರೆಯಬೇಕು. ಬೆಳಕು ಒಳಗೆ ಬರಬೇಕು, ಮನುಷ್ಯ ಎಲ್ಲಿಂದಾದರೂ ಹೊರಗೆ ಹೋಗುವಂತಿರಬೇಕು. ಅಪಘಾತದಲ್ಲಿ ಮುಳುಗಿದ ಹಡಗಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅದು ಬಿದ್ದ ಮನೆ. ಇದು ಬರುವವರಿಗಾಗಿ ಸಾರಿಸಿಟ್ಟ ಮನೆ.

ಕೆರಿಬಿಯನ್ ಕಡಲಿನ ಗ್ರ್ಯಾಂಡ್ ಕೇಮನ್ ದ್ವೀಪದ ಬಳಿ ೨೦೧೧ರ ಜನವರಿ ೫ರಂದು ಮುಳುಗಿಸಿದ 'ಕಿಟಿವೇಕ್' ಎಂಬ ಅಮೆರಿಕದ ಹಡಗನ್ನು ಹೊಸಬರಿಗೆ ತಕ್ಕುದೆಂದು ಹೇಳುವುದು ವಾಡಿಕೆ. ಉದ್ದ ಸುಮಾರು ೭೬ ಮೀಟರು. ಜಲಾಂತರ್ಗಾಮಿಗಳು ಆಪತ್ತಿಗೆ ಸಿಕ್ಕಾಗ ಮುಳುಗುಗಾರರನ್ನು ಇಳಿಸಿ ರಕ್ಷಿಸುವುದು ಅದರ ಕೆಲಸವಾಗಿತ್ತು. ಬದುಕಿದ್ದಾಗ ಮುಳುಗುಗಾರರನ್ನು ಹೊತ್ತ ಹಡಗು, ಮುಳುಗಿದ ಮೇಲೂ ಅವರನ್ನೇ ಬರಮಾಡಿಕೊಳ್ಳುತ್ತಿದೆ. ಅದು ಕುಳಿತಿರುವ ನೀರಿನ ಆಳ ಸುಮಾರು ೨೦ ಮೀಟರು ಮಾತ್ರ. ನೀರು ತಿಳಿ, ಸೆಳವು ಕಡಿಮೆ, ದಡ ಹತ್ತಿರ. ಹೊಸಬರ ಹಡಗಿಗೆ ಇರಬೇಕಾದ ಲಕ್ಷಣಗಳು ಇವೇ. ಆದರೂ ಕಡಲನ್ನು ನಂಬಿ ಕೂಡುವಂತಿಲ್ಲ. ನೇರವಾಗಿ ನಿಂತಿದ್ದ ಆ ಹಡಗನ್ನು ೨೦೧೭ರ ಬಿರುಗಾಳಿಯೊಂದು ಮಗ್ಗುಲಾಗಿ ಮಲಗಿಸಿತು.

ಎಲ್ಲ ಪ್ರಯತ್ನಗಳೂ ಸಫಲವಾಗಲಿಲ್ಲ. ಫ್ಲಾರಿಡಾದ ಬಳಿ ೨೦೦೨ರಲ್ಲಿ ಮುಳುಗಿಸಹೊರಟ 'ಸ್ಪೀಗಲ್ ಗ್ರೋವ್' ಎಂಬ ೧೫೫ ಮೀಟರಿನ ಹಡಗು ಗೊತ್ತಾದ ವೇಳೆಗೆ ಮುಂಚೆಯೇ ತಲೆಕೆಳಗಾಗಿ ಮುಳುಗಿಬಿಟ್ಟಿತು. ಅದೇ ರಾಜ್ಯದಲ್ಲಿ ೧೯೭೦ರ ದಶಕದಲ್ಲಿ ಮೀನುಗಳಿಗೆ ಮನೆಯಾಗಲೆಂದು ಇಪ್ಪತ್ತು ಲಕ್ಷದಷ್ಟು ಹಳೆಯ ಮೋಟಾರು ಟಾಯರುಗಳನ್ನು ಕಡಲಿಗೆ ಹಾಕಿದರು. ಅವನ್ನು ಕಟ್ಟಿದ ಕಟ್ಟು ತುಂಡಾಗಿ, ಟಾಯರುಗಳು ಉರುಳಿ, ನಿಜವಾದ ಹವಳದ ದಿಬ್ಬಗಳನ್ನೇ ಉಜ್ಜಿ ಹಾಳುಮಾಡಿದವು. ಕಸ ಚೆಲ್ಲುವುದಕ್ಕೆ ಒಳ್ಳೆಯ ಹೆಸರಿಟ್ಟ ಮಾತ್ರಕ್ಕೆ ಅದು ಒಳ್ಳೆಯ ಕೆಲಸವಾಗದು.

ಇನ್ನು ನೀರಿನ ಕೆಳಗೆ ಉಸಿರಾಡುವ ಬಗೆ. ೧೯೪೩ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಎಂಬ ನೌಕಾಧಿಕಾರಿಯೂ ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರನೂ ಸೇರಿ, ಎಳೆದಷ್ಟೇ ಗಾಳಿ ಕೊಡುವ ಒಂದು ಕವಾಟವನ್ನು ರೂಪಿಸಿದರು. ಅದರ ಹೆಸರು ರೆಗ್ಯುಲೇಟರ್. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿರುವುದು ಹೆಚ್ಚಾಗಿ ನಾವು ಉಸಿರಾಡುವ ಗಾಳಿಯೇ, ಬರಿಯ ಆಮ್ಲಜನಕವಲ್ಲ. ರೆಗ್ಯುಲೇಟರು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಇಳಿಸಿ ಬಾಯಿಗೆ ಕೊಡುತ್ತದೆ. ಈ ಸಾಧನವನ್ನೇ ಸ್ಕೂಬಾ ಎನ್ನುವುದು.

ಈ ಒತ್ತಡವನ್ನು ಅರಿತರೆ ಮಿಕ್ಕದ್ದೆಲ್ಲ ಅರಿತಂತೆ. ನೀರಿನಲ್ಲಿ ಪ್ರತಿ ೧೦ ಮೀಟರಿಗೆ, ಅಂದರೆ ಸುಮಾರು ೩೩ ಅಡಿಗೆ, ನಮ್ಮ ಮೇಲಿನ ವಾಯುಮಂಡಲದಷ್ಟೇ ಒತ್ತಡ ಮತ್ತೆ ಸೇರುತ್ತದೆ. ಮೇಲೆ ಒಂದು ಪಟ್ಟಿದ್ದುದು ೧೦ ಮೀಟರಿನಲ್ಲಿ ಎರಡು ಪಟ್ಟು, ೨೦ ಮೀಟರಿನಲ್ಲಿ ಮೂರು ಪಟ್ಟು. ಬಾವಿಯ ತಳಕ್ಕೆ ಮುಳುಗಿದಾಗ ಕಿವಿ ನೋಯುವುದು ಇದರಿಂದಲೇ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತದೆ. ನೋವಾಗುವ ಮೊದಲೇ ಇದನ್ನು ಮಾಡುತ್ತ ಇಳಿಯಬೇಕು. ನೆಗಡಿಯಾದವನಿಗೆ ಇದು ಸಾಧ್ಯವಾಗದು. ಆ ದಿನ ಅವನು ದಡದಲ್ಲಿರುವುದೇ ಸರಿ.

ಇಲ್ಲಿ ನಮ್ಮ ಕಡೆಯ ಈಜುಗಾರರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬಾವಿಯಲ್ಲಿ ಈಸು ಕಲಿತವನಿಗೆ ಉಸಿರು ಕಟ್ಟಿ ಮುಳುಗುವುದೇ ವಿದ್ಯೆ. ತಳದ ಕಲ್ಲು ತಂದು ತೋರಿಸುವ ಹುಡುಗನೇ ಶೂರ. ಆದರೆ ಸ್ಕೂಬಾದಲ್ಲಿ ಉಸಿರು ಕಟ್ಟುವುದೇ ಮೊದಲನೆಯ ಅಪರಾಧ. ಕಾರಣ ಸ್ಪಷ್ಟ. ಬಾವಿಯಲ್ಲಿ ನೀವು ಒಯ್ದುದು ಮೇಲಿನ ಗಾಳಿ. ಕೆಳಗೆ ಅದು ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ೧೦ ಮೀಟರಿನ ಕೆಳಗೆ ಎಳೆದುಕೊಂಡುದು ಎರಡು ಪಟ್ಟು ಒತ್ತಡದ ಗಾಳಿ. ಅದನ್ನು ಎದೆಯಲ್ಲಿ ಬಿಗಿಹಿಡಿದು ಮೇಲೆದ್ದರೆ ಅದು ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ನಾಲ್ಕೈದು ಅಡಿ ನೀರಿನಲ್ಲಿಯೂ ಈ ಅಪಾಯ ಉಂಟು. ಆದ್ದರಿಂದ ಎಳೆಯುತ್ತಿರಬೇಕು, ಬಿಡುತ್ತಿರಬೇಕು, ಎಂದೂ ನಿಲ್ಲಿಸಬಾರದು. ಬಾವಿಯಲ್ಲಿ ಕಾಯ್ದ ಅಭ್ಯಾಸವೇ ಕಡಲಲ್ಲಿ ಕೊಲ್ಲಬಹುದು ಎಂಬುದನ್ನು ಇಳಿಯುವ ಮುನ್ನ ಮನಸ್ಸಿಗೆ ತಂದುಕೊಳ್ಳಬೇಕು.

ಮೇಲೇಳುವಾಗ ಅವಸರವೂ ಸಲ್ಲದು. ಒತ್ತಡದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಸೋಡಾ ಬಾಟಲಿಯನ್ನು ಥಟ್ಟನೆ ತೆರೆದರೆ ನೊರೆ ಉಕ್ಕುವಂತೆ, ಥಟ್ಟನೆ ಮೇಲೆ ಬಂದರೆ ಅದು ಮೈಯೊಳಗೆ ಗುಳ್ಳೆಯಾಗುತ್ತದೆ. ಮಿನಿಟಿಗೆ ೯ ಮೀಟರಿಗಿಂತ ವೇಗ ಬೇಡ. ೫ ಮೀಟರು ಆಳದಲ್ಲಿ ಮೂರು ಮಿನಿಟು ನಿಂತು ಬರುವುದು ಪದ್ಧತಿ. ಮುಳುಗಿ ಬಂದ ದಿನವೇ ವಿಮಾನ ಹತ್ತಬಾರದು.

ಗಾಳಿಯ ಲೆಕ್ಕವನ್ನೂ ನೋಡೋಣ. ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ೨,೪೦೦ ಲೀಟರು. ಕಾಲು ಭಾಗ ಆಪತ್ತಿಗೆಂದು ಮುಟ್ಟದೆ ಇಟ್ಟರೆ ಉಳಿದುದು ೧,೮೦೦. ಮನುಷ್ಯನಿಗೆ ಮೇಲೆ ಮಿನಿಟಿಗೆ ೨೦ ಲೀಟರು ಬೇಕೆಂದಿಟ್ಟುಕೊಳ್ಳಿ. ೧೦ ಮೀಟರಿನಲ್ಲಿ ಅದು ೪೦. ಗಾಳಿ ೪೫ ಮಿನಿಟಿಗೆ ಸಾಕು. ೨೦ ಮೀಟರಿನಲ್ಲಿ ೬೦. ಅರ್ಧ ತಾಸಿಗೆ ಮುಗಿಯಿತು. ಗಾಬರಿಗೊಂಡವನು ಇನ್ನೂ ಹೆಚ್ಚು ಎಳೆಯುತ್ತಾನೆ. ಆಳವಿಲ್ಲದ ಕಡೆ ಮುಳುಗಿಸಿದ ಹಡಗು ಹೊಸಬನಿಗೆ ಏಕೆ ಹಿತವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ರೇಡಿಯೋ ಕೇಳುವ ನಮಗೆ ಇನ್ನೊಂದು ಸ್ವಾರಸ್ಯ. ಗಾಳಿಯಲ್ಲಿ ನೂರಾರು ಮೈಲು ಹರಿದು ಬರುವ ಆಕಾಶವಾಣಿಯ ಅಲೆಗಳು ಉಪ್ಪುನೀರಿನಲ್ಲಿ ಒಂದು ಮೀಟರು ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತವೆ. ಶಬ್ದ ಮಾತ್ರ ಅಲ್ಲಿ ಸೆಕೆಂಡಿಗೆ ಸುಮಾರು ೧,೫೦೦ ಮೀಟರು, ಗಾಳಿಯಲ್ಲಿನ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದಿಂದ ಓಡುತ್ತದೆ. ಆ ವೇಗದಿಂದಾಗಿ ದೋಣಿಯ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯದು. ಬಾಯಲ್ಲಿ ರೆಗ್ಯುಲೇಟರು ಇರುವುದರಿಂದ ಮಾತೂ ಇಲ್ಲ. ಎಲ್ಲವೂ ಕೈಸನ್ನೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಕ್ಷೇಮ'. ಹೆಬ್ಬೆರಳನ್ನು ಮೇಲೆತ್ತಿದರೆ 'ಭೇಷ್' ಎಂದಲ್ಲ, 'ಮೇಲೆ ಹೋಗೋಣ' ಎಂದು. ಅಂಗೈಯನ್ನು ಗಂಟಲಿಗೆ ಅಡ್ಡ ಎಳೆದರೆ 'ಗಾಳಿ ಮುಗಿಯಿತು'.

ಹಡಗಿನ ಬಳಿ ಇಳಿದಾಗ ಮೊದಲು ಕಾಣುವುದು ನೀಲಿಯಲ್ಲಿ ಒಂದು ಕರಿಯ ನೆರಳು. ಏಳೆಂಟು ಮೀಟರು ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಮಾಸುತ್ತದೆ. ದೀಪ ಹಿಡಿದರೆ ಮಾತ್ರ ಹವಳದ ನಿಜವಾದ ಬಣ್ಣ ತೋರುತ್ತದೆ. ಮುಖದ ಗಾಜಿನಿಂದಾಗಿ ಎಲ್ಲವೂ ಇದ್ದುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಹಿಂದಿರುಗಿ ಬಂದವರು ಹೇಳುವ ಮೀನಿನ ಗಾತ್ರವನ್ನು ಆ ಲೆಕ್ಕದಲ್ಲಿಯೇ ತಗ್ಗಿಸಿ ಕೇಳಬೇಕು!

ಹೊಸಬನು ಹಡಗನ್ನು ಹೊರಗಿನಿಂದ ಸುತ್ತಿ ನೋಡಿ ತೃಪ್ತನಾಗಬೇಕು. ಒಳಗೆ ಹೊಕ್ಕಾಗ ತಲೆಯ ಮೇಲೆ ನೀರಲ್ಲ, ಕಬ್ಬಿಣ. ಕಾಲಿನ ರಬ್ಬರ್ ರೆಕ್ಕೆ ತಳಕ್ಕೆ ತಾಗಿದರೆ ಹೂಳೆದ್ದು ಬಂದ ದಾರಿ ಕಾಣದಾಗುತ್ತದೆ. ಮೊದಲು ಹೇಳಿದ ಸ್ಪೀಗಲ್ ಗ್ರೋವಿನ ಒಡಲಲ್ಲಿ ೨೦೦೭ರ ಮಾರ್ಚಿಯಲ್ಲಿ ಮೂವರು ಹೀಗೆಯೇ ಪ್ರಾಣ ಬಿಟ್ಟರು. ಅವರು ಹೊಸಬರೇನೂ ಅಲ್ಲ. ಬೇಕೆಂದು ಮುಳುಗಿಸಿದ ಹಡಗು ಸುರಕ್ಷಿತ ಎಂಬ ಮಾತಿನ ಮಿತಿ ಇದು. ಒಳಗೆ ಹೋಗಲು ಬೇರೆ ಶಿಕ್ಷಣ, ಬೇರೆ ದೀಪ, ದಾರಿ ತೋರುವ ಹಗ್ಗ ಬೇಕು.

ನಮ್ಮ ಕರ್ನಾಟಕದಲ್ಲಿ ಮೊದಲ ಪಾಠಕ್ಕೆ ಪ್ರಸಿದ್ಧವಾದುದು ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದ ನೇತ್ರಾಣಿ ದ್ವೀಪ. ಅಲ್ಲಿ ಹಡಗಿನ ಬದಲು ಬಂಡೆ, ಹವಳ, ಮೀನುಗಳು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಅಲ್ಲಿ ಮುಳುಗುವುದು ನಿಲ್ಲುತ್ತದೆ. ಮೊದಲ ಬಾರಿಗೆ ಇಳಿಯುವವರನ್ನು ಶಿಕ್ಷಕನೊಡನೆ ೧೨ ಮೀಟರಿನೊಳಗೆ ಮಾತ್ರ ಇಳಿಸಬೇಕೆಂಬುದು ಸಾಮಾನ್ಯ ನಿಯಮ. ಮೂರು ನಾಲ್ಕು ದಿನಗಳ ಮೊದಲ ಶಿಕ್ಷಣ ಮುಗಿಸಿದವರಿಗೆ ೧೮ ಮೀಟರು. ಹಡಗು ನೋಡುವ ಆಸೆಯುಳ್ಳವರು ಈ ಎರಡನೆಯ ಮೆಟ್ಟಿಲನ್ನು ಹತ್ತಿಯೇ ಹೋಗುವುದು ವಿವೇಕ.

ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಶಿಕ್ಷಕನ ಅರ್ಹತೆಪತ್ರ ಎಲ್ಲಿ? ಒಬ್ಬ ಶಿಕ್ಷಕ ಎಷ್ಟು ಜನರನ್ನು ಕರೆದೊಯ್ಯುತ್ತಾನೆ? ದೋಣಿಯಲ್ಲಿ ಆಮ್ಲಜನಕವಿದೆಯೆ? ಮೊದಲು ತಗ್ಗು ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆಯೆ? ಆರೋಗ್ಯದ ಕಾಗದದಲ್ಲಿ ಉಬ್ಬಸ, ಹೃದ್ರೋಗ, ಕಿವಿಯ ಬೇನೆಗಳನ್ನು ಮುಚ್ಚಿಡದೆ ಬರೆಯಿರಿ. ಸಂಶಯವಿದ್ದರೆ ವೈದ್ಯರನ್ನು ಕಾಣಿರಿ. ನೀರಿನ ಕೆಳಗೆ ಏನನ್ನೂ ಮುಟ್ಟಬೇಡಿರಿ, ನೆನಪಿಗೆಂದು ಏನನ್ನೂ ತರಬೇಡಿರಿ. ಜೊತೆಗಾರನನ್ನು ಬಿಟ್ಟಗಲಬೇಡಿರಿ. ಮನಸ್ಸು ಹಿಂಜರಿದರೆ ಯಾವ ಗಳಿಗೆಯಲ್ಲಾದರೂ 'ಸಾಕು' ಎನ್ನುವ ಹಕ್ಕು ನಿಮ್ಮದು. ಕೊಟ್ಟ ಹಣದ ಮುಖ ನೋಡಿ ನೀರಿಗಿಳಿಯಬಾರದು.

ಯುದ್ಧಕ್ಕೆಂದು ಕಟ್ಟಿದ ನೌಕೆಯೊಂದು ಕೊನೆಗೆ ಮೀನಿಗೆ ಮನೆಯಾಗಿ, ಮಕ್ಕಳಿಗೆ ಪಾಠಶಾಲೆಯಾಗುವುದು ಸಂತೋಷದ ಸಂಗತಿಯೇ ಸರಿ. ಆ ಸಂತೋಷ ಉಳಿಯಬೇಕಾದರೆ ಮುಳುಗಿಸುವವರು ಹಡಗನ್ನು ಶುದ್ಧಮಾಡಿ ಇಳಿಸಬೇಕು, ಮುಳುಗುವವರು ತಮ್ಮ ಮಿತಿಯನ್ನು ಅರಿತು ಇಳಿಯಬೇಕು. ಮನೆಯಲ್ಲಿ ಯಾರಾದರೂ ಕಡಲಿಗೆ ಹೊರಟರೆ, ಬುತ್ತಿಯ ಜೊತೆಗೆ ಈ ಒಂದು ಮಾತನ್ನೂ ಕಟ್ಟಿ ಕಳುಹಿಸಿರಿ: ನೀರೊಳಗೆ ಉಸಿರು ಬಿಗಿಹಿಡಿಯಬೇಡ, ಮೇಲೇಳಲು ಅವಸರ ಮಾಡಬೇಡ.